ಒಂದು ಮಾದರಿ ಸಾಕು

ಬೆಳಗಿನ ಗಾಡಿ ವಿಶಾಖಪಟ್ಣ ಬಿಟ್ಟಾಗಿನಿಂದ ದಿನಕರನ ಕಣ್ಣು ಮಗಳ ಬಲಗೈಯ ಮೇಲೇ ಇತ್ತು. ಆ ಕೈ ತನಗೆ ದ್ರೋಹ ಮಾಡುತ್ತಿದೆ ಅನ್ನಿಸಿತು. ಅದು ಡಬ್ಬಿಯ ಮುಚ್ಚಳ ತೆಗೆಯಿತು, ರೊಟ್ಟಿ ಮುರಿಯಿತು, ಶೇಂಗಾ ಚಟ್ನಿಯನ್ನು ತುತ್ತಿಗೆ ಒತ್ತಿಕೊಂಡಿತು, ಕೂದಲನ್ನು ಮೇಲೆತ್ತಿ ರಬ್ಬರ್ ಬ್ಯಾಂಡಿನಲ್ಲಿ ಬಿಗಿಯಿತು, ಮೊಬೈಲಿನ ಮೇಲೆ ಹೆಬ್ಬೆರಳನ್ನು ಸರಸರ ಓಡಿಸಿತು. ಇವನು ಎರಡು ಕೈ ಹಾಕಿದರೂ ಅರ್ಧಕ್ಕೆ ನಿಂತಿದ್ದ ಕಿಟಕಿಯ ಷಟರನ್ನು ಒಂದೇ ಏಟಿಗೆ ಎತ್ತಿ ಕೊಕ್ಕೆಗೆ ಸಿಕ್ಕಿಸಿತು. ಎದುರು ಸೀಟಿನ ಮುದುಕ ‘ಭಲೇ!’ ಅಂದ. ಬೇರೆ ದಿನವಾಗಿದ್ದರೆ ದಿನಕರ ಆ ಮುದುಕನಿಗೆ ಮಗಳ ಎನ್‌ಸಿಸಿಯ ಪದಕಗಳ ಕತೆ ಶುರುಮಾಡಿ ತುನಿ ಸ್ಟೇಷನ್ನಿನವರೆಗೆ ಬಿಡುತ್ತಿರಲಿಲ್ಲ. ಇವತ್ತು ಅವನಿಗೆ ಬೇಕಾಗಿದ್ದುದು ಕೆಟ್ಟ ಕೈ. ಮಧ್ಯಾಹ್ನ, ವಿಜಯವಾಡದ ಸರಕಾರಿ ಆಸ್ಪತ್ರೆಯಲ್ಲಿ, ವೈದ್ಯಕೀಯ ಮಂಡಳಿಯ ಮುಂದೆ, ಅದು ಸೆಟೆದುಕೊಳ್ಳಬೇಕು. ಮಗಳ ಕೈ ಕೆಡಲಿ ಅಂತ ಯಾವ ತಂದೆಯಾದರೂ ಬೇಡಿಕೊಳ್ಳುತ್ತಾನೆಯೇ ಎಂದು ತನ್ನನ್ನೇ ಕೇಳಿಕೊಂಡ, ಕೇಳಿಕೊಳ್ಳುತ್ತಲೇ ಬೇಡಿಕೊಂಡ. ಅನಕಾಪಲ್ಲಿ ಬಂತು. ಬೆಲ್ಲದ ವಾಸನೆ ಬೋಗಿಯೊಳಗೆ ತುಂಬಿಕೊಂಡಿತು. ಶ್ರೀರಕ್ಷಾ ಮೂಗರಳಿಸಿ ‘ಪಪ್ಪಾ, ಹೋಳಿಗಿ ವಾಸನಿ’ ಅಂದಳು. ಅವಳ ಕನ್ನಡವೆಲ್ಲ ಹೀಗೇ, ಅಡುಗೆಮನೆಯಿಂದ ಶುರುವಾಗಿ ಅಡುಗೆಮನೆಯಲ್ಲೇ ಮುಗಿಯುವಂಥದ್ದು. ಗೆಳತಿಯರ ಜೊತೆ, ಜಗಳದಲ್ಲಿ, ನಿದ್ದೆಗಣ್ಣಿನಲ್ಲಿ ಅವಳಿಗೆ ಬರುತ್ತಿದ್ದುದು ತೆಲುಗು.

ಆ ಕೈಯ ತೊಂದರೆಗೆ ಡಾಕ್ಟರರು ರೈಟರ್ಸ್ ಕ್ರ್ಯಾಂಪ್ ಅಂದಿದ್ದರು. ಏಳನೆಯ ತರಗತಿಯಲ್ಲಿ ಶುರುವಾದದ್ದು. ಪೆನ್ನು ಹಿಡಿದು ನಾಲ್ಕು ಸಾಲು ಬರೆಯುವಷ್ಟರಲ್ಲಿ ತೋರುಬೆರಳು ಕೊಕ್ಕೆಯ ಹಾಗೆ ಬಾಗುತ್ತಿತ್ತು, ಮಣಿಕಟ್ಟು ಒಳಗೆ ತಿರುಚಿಕೊಳ್ಳುತ್ತಿತ್ತು, ಅಕ್ಷರಗಳು ಗೆರೆ ಬಿಟ್ಟು ಕೆಳಗೆ ಜಾರುತ್ತಿದ್ದವು. ಪೆನ್ನು ಕೆಳಗಿಟ್ಟರೆ ಕೈ ಮತ್ತೆ ಎಲ್ಲರ ಕೈ. ದೋಣಿಯ ಹುಟ್ಟು ಹಾಕುತ್ತದೆ, ರೈಫಲ್ ಹಿಡಿದು ಗುರಿ ಇಡುತ್ತದೆ. ಮಧುರವಾಡದ ಅವರ ಅಪಾರ್ಟ್‌ಮೆಂಟಿನ ಕೆಳಮನೆಯಲ್ಲಿದ್ದ ಬಾಬ್ಜಿ, ನೌಕಾಪಡೆಯಿಂದ ನಿವೃತ್ತನಾದವನು, ಇವಳನ್ನು ದಿನಾ ಬೆಳಿಗ್ಗೆ ಕಡಲ ದಂಡೆಯ ಮರಳಿನಲ್ಲಿ ಓಡಿಸುತ್ತಿದ್ದ. ‘ಹುಡುಗಿಯರನ್ನೂ ಆಫೀಸರ್ ಟ್ರೈನಿಂಗಿಗೆ ತಗೋತಿದಾರೆ ಸಾರ್, ನಿಮ್ಮ ಹುಡುಗಿ ಹುಟ್ಟಿದ್ದೇ ಅದಕ್ಕೆ’ ಅಂದಿದ್ದ. ದಿನಕರ ಆ ಮಾತನ್ನು ಮಾರನೆಯ ದಿನವೇ ಬ್ಯಾಂಕಿಗೆ ಒಯ್ದ. ಗದಗಿನಿಂದ ಪ್ರಮೋಶನ್ ಮೇಲೆ ವರ್ಗವಾಗಿ ಬಂದು ಹನ್ನೆರಡು ಹದಿಮೂರು ವರ್ಷವಾದರೂ ಶಾಖೆಯಲ್ಲಿ ಅವನಿನ್ನೂ ‘ಕನ್ನಡ ಸಾರು’. ತನ್ನದು ಎಂದು ಹೇಳಿಕೊಳ್ಳಲು ಊರಿಗೆ ಒಪ್ಪುವ ಒಂದು ಹೆಮ್ಮೆ ಬೇಕಾಗಿತ್ತು. ಹಡಗುಗಳ ಊರಿನಲ್ಲಿ ಬಿಳಿ ಸಮವಸ್ತ್ರದ ಮಗಳಿಗಿಂತ ಒಪ್ಪುವುದು ಇನ್ನೇನಿದೆ? ಆದರೆ ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆಯ ತರಬೇತಿಯಲ್ಲಿ ಹುಡುಗಿ ಅರ್ಧ ಲೆಕ್ಕಗಳನ್ನು ಬಿಟ್ಟೇ ಬರುತ್ತಿದ್ದಳು. ಪರೀಕ್ಷೆ ಕಂಪ್ಯೂಟರಿನಲ್ಲಿ ನಿಜ, ಲೆಕ್ಕ ಬಿಡಿಸುವುದು ಮಾತ್ರ ಕಾಗದದ ಮೇಲೆ, ಕೈಯಲ್ಲಿ. ಅಂಗವೈಕಲ್ಯದ ಪ್ರಮಾಣಪತ್ರ, ಜನ ಕಾರ್ಡು ಅನ್ನುವುದು, ಇದ್ದರೆ ಹೆಚ್ಚಿನ ಸಮಯ ಕೊಡುತ್ತಾರೆ, ಅವಳು ಹೇಳಿದ್ದನ್ನು ಬರೆದುಕೊಡಲು ಒಬ್ಬ ಸ್ಕ್ರೈಬನ್ನು ಕೂರಿಸುತ್ತಾರೆ. ಆಗಲೂ ಎಚ್ಚರ ಹೇಳಿದವನು ಬಾಬ್ಜಿಯೇ: ‘ಆ ಕಾರ್ಡು ಒಂದು ಸಲ ಬಂತಾ ಸಾರ್, ಈ ಕಡೆ ಗೇಟ್ ಮುಚ್ಚಿತು. ಫೌಜಿನೋರಿಗೆ ಪೂರ್ತಿ ಮನುಷ್ಯ ಬೇಕು.’ ದಿನಕರ ಮತ್ತು ಅವನ ಹೆಂಡತಿ ಶುಭಾ ತಿಂಗಳುಗಟ್ಟಲೆ ಮಾತಾಡಿ, ಕಾರ್ಡೇ ಸರಿ ಎಂದು ತೀರ್ಮಾನಿಸಿದರು. ಮಗಳು ‘ಹೂಂ’ ಅಂದಳು. ಒಂದೇ ಒಂದು ಹೂಂ. ಅದರೊಳಗೆ ನುಂಗಿದ ದುಃಖ ಎಷ್ಟಿರಬಹುದೆಂದು ಅವನು ತಾನೇ ಅಳೆದುಕೊಂಡಿದ್ದ, ಅವಳನ್ನು ಕೇಳಿರಲಿಲ್ಲ.

ವಿಶಾಖಪಟ್ಣದ ಮಂಡಳಿಯವರು ‘ಇದು ನಮ್ಮಿಂದ ಆಗುವ ಕೇಸಲ್ಲ’ ಎಂದು ವಿಜಯವಾಡಕ್ಕೆ ದಾಟಿಸಿದ್ದರು. ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಮಂಡಳಿ. ಹೊಸದಾಗಿ ಬಣ್ಣ ಬಳಿದ ಫಲಕದ ಮೇಲೆ ದಿವ್ಯಾಂಗರಿಗೆ ಸ್ವಾಗತವಿತ್ತು, ಫಲಕದ ಕೆಳಗಿನ ಲಿಫ್ಟಿಗೆ ಹಗ್ಗ ಕಟ್ಟಿತ್ತು. ಊರುಗೋಲಿನವರು ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದರು. ಹತ್ತಿದ್ದನ್ನು ಯಾರಾದರೂ ನೋಡಿಬಿಟ್ಟರೆ ಹತ್ತಬಲ್ಲರು ಎಂದು ಬರೆದುಬಿಟ್ಟಾರು ಎಂಬ ಅಂಜಿಕೆ ಅವರ ಮುಖದಲ್ಲಿತ್ತು. ಮೇಲಿನ ಹಾಲಿನಲ್ಲಿ ಜನ ತಮ್ಮ ತಮ್ಮ ಕೊರತೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಒಬ್ಬ ತಾಯಿ ಮಗುವಿನ ಕಾಲಿಗೆ ತೊಡಿಸಿದ್ದ ಆಸರೆಯ ಪಟ್ಟಿಯನ್ನು ಬಿಚ್ಚಿ ಚೀಲಕ್ಕೆ ಹಾಕುತ್ತಿದ್ದಳು, ಒಳಗೆ ಹೋದಾಗ ಅದು ನೆಟ್ಟಗೆ ನಡೆದುಬಿಡಬಾರದಲ್ಲ. ದಿನಕರ ಅದನ್ನು ನೋಡಿ ಮುಖ ತಿರುಗಿಸಿದ. ಹೊರಡುವ ಮುನ್ನ ಸ್ನಾನದ ಮನೆಯ ಬಾಗಿಲಲ್ಲಿ ನಿಂತು ತಾನು ಮಗಳಿಗೆ ಅಂದದ್ದೇನು? ‘ಇವತ್ತ ಒಂದ ದಿನ, ಕೈಯನ್ನ ತಡೀಬ್ಯಾಡವ್ವಾ. ಹೆಂಗ ಸೆಟದುಕೊಳ್ತದ ಹಂಗ ಬಿಡು.’ ಐದು ವರ್ಷ ಹೇಳಿದ್ದು ಇದರ ತಿರುಗಾಮುರುಗಾ. ಗದಗಿನ ಮದುವೆಮನೆಗಳಲ್ಲಿ, ಉಡುಗೊರೆ ಬರೆದಿಡುವ ಹೊತ್ತಿಗೆ, ‘ಆಹೇರಿ ಮಾಡಿದವರ ಹೆಸರು ಬರಕೊಳ್ಳಾಕ ನಿಮ್ಮ ಹುಡುಗಿನ್ನ ಕೂಡಸ್ರಿ’ ಎಂದು ಯಾರಾದರೂ ಅಂದರೆ ಸಾಕು, ಅವಳ ಕೈಗೆ ಇವನೇ ಕರವಸ್ತ್ರವನ್ನೋ ತಾಂಬೂಲದ ತಟ್ಟೆಯನ್ನೋ ತುರುಕಿ ಅಲ್ಲಿಂದ ಎಬ್ಬಿಸಿಬಿಡುತ್ತಿದ್ದ.

ಪಕ್ಕದಲ್ಲಿ ಕೂತಿದ್ದ ಹೆಂಗಸು ಕೊಂಡಪಲ್ಲಿಯವಳು, ಹೆಸರು ಕೋಟೇಶ್ವರಮ್ಮ. ಮೊದಲು ಮರದ ಗೊಂಬೆಗಳಿಗೆ ಬಣ್ಣ ಹಚ್ಚುತ್ತಿದ್ದಳಂತೆ, ಆಮೇಲೆ ಒಂದು ಕಾರ್ಖಾನೆಯ ಒತ್ತುಯಂತ್ರಕ್ಕೆ ಎರಡು ಬೆರಳು ಕೊಟ್ಟಳಂತೆ. ಅವಳು ತೆಲುಗಿನಲ್ಲಿ ಹೇಳುತ್ತಾ ಹೋದಳು, ಬೇರೆ ಯಾರದೋ ಸಂಸಾರದ ಸುದ್ದಿ ಹೇಳುವ ಹಾಗೆ. ‘ಹೋದ ವರ್ಷ ಮೂವತ್ತೆಂಟು ಪರ್ಸೆಂಟು ಅಂದರು ಬಾಬೂ. ನಲವತ್ತಾದರೆ ಪಿಂಚಣಿ. ಇನ್ನೆರಡು ಪರ್ಸೆಂಟಿಗೆ ಇನ್ನೊಂದು ಬೆರಳು ಕೊಟ್ಟು ಬರಲಾ ಸಾರೂ ಅಂತ ಕೇಳಿದೆ.’

‘ಏನಂದರು?’

‘ನಕ್ಕರು. ಒಳ್ಳೆಯವರೇ. ಮುಂದಿನ ವರ್ಷ ಬಾ, ನೋಡೋಣ ಅಂದರು. ಅಷ್ಟರಲ್ಲಿ ಬೆರಳು ಚಿಗುರುತ್ತದೇನೋ ಅಂತ ಕಾದರು ಅನ್ನಿಸುತ್ತದೆ.’ ಅವಳು ಶ್ರೀರಕ್ಷಾಳ ಕೈಯನ್ನು ಸರಕು ನೋಡುವ ಹಾಗೆ ತಿರುಗಿಸಿ ನೋಡಿದಳು. ‘ನಿನ್ನದು ಚೆನ್ನಾಗೇ ಇದೆಯಲ್ಲಮ್ಮಾ?’

‘ಬರೆಯೋವಾಗ ಮಾತ್ರ ಬರಲ್ಲ ಆಂಟೀ.’

‘ಓಸ್, ಬರೆಯೋವಾಗ ನನಗೂ ಬರಲ್ಲ’ ಎಂದು ಕೋಟೇಶ್ವರಮ್ಮ ಇಡೀ ಹಾಲ್ ತುಂಬುವ ಹಾಗೆ ನಕ್ಕಳು. ಶ್ರೀರಕ್ಷಾಳೂ ನಕ್ಕಳು. ಆ ನಗುವಿನಲ್ಲಿ ತನಗೆ ಜಾಗವಿಲ್ಲವೆಂದು ದಿನಕರನಿಗೆ ತಿಳಿಯಿತು. ಅವನು ಮೊಣಕಾಲ ಮೇಲಿನ ಫೈಲನ್ನು ಸರಿಮಾಡಿಕೊಂಡ.

ಕರೆ ಬಂದಾಗ ಹೊತ್ತು ಮಧ್ಯಾಹ್ನ ಮೀರಿತ್ತು. ಉದ್ದನೆಯ ಮೇಜಿನ ಹಿಂದೆ ಮೂವರು ಡಾಕ್ಟರರು. ಒಬ್ಬಾತ ಫೋನಿನಲ್ಲಿದ್ದ, ಇನ್ನೊಬ್ಬಾತ ಸಹಿ ಹಾಕುತ್ತಾ ಹಾಕುತ್ತಾ ತಲೆಯನ್ನೇ ಎತ್ತಲಿಲ್ಲ. ನಡುವೆ ಕೂತಿದ್ದಾಕೆ ಮಾಧವೀಲತಾ ಎಂದು ಕೋಟಿನ ಮೇಲಿನ ಪಟ್ಟಿ ಹೇಳುತ್ತಿತ್ತು. ಆಕೆ ವಿಶಾಖಪಟ್ಣದ ನರರೋಗ ತಜ್ಞನ ವರದಿಯನ್ನು ಮೇಲಿಂದ ಕೆಳಕ್ಕೆ ಓಡಿಸಿದಳು, ಅರ್ಜಿಯ ಮೇಲಿದ್ದ ಹುಟ್ಟೂರಿನ ವಿಳಾಸಕ್ಕೆ ಬಂದು ನಿಂತಳು, ಮುಖ ಅರಳಿತು. ‘ಗದಗಾ? ಕನ್ನಡದೋರಾ ನೀವು? ನಮ್ಮಮ್ಮ ಹೊಸಪೇಟೆಯೋರು ಕಣ್ರೀ! ಮದುವೆಯಾಗಿ ಈ ಕಡೆ ಬಂದ್ರು. ಅಮ್ಮ ಹೋದಮೇಲೆ ಮನೇಲಿ ಕನ್ನಡ ಮಾತಾಡೋರೇ ಇಲ್ಲ.’ ದಿನಕರನ ಬೆನ್ನು ತನ್ನಷ್ಟಕ್ಕೆ ನೆಟ್ಟಗಾಯಿತು. ಇಡೀ ದಿನ ಯಾರಾದರೊಬ್ಬರ ಮುಂದೆ ಕುಗ್ಗಿ ನಿಂತವನಿಗೆ ಯಾರೋ ಕುರ್ಚಿ ಹಾಕಿದ ಹಾಗಾಯಿತು. ‘ಹೌದ್ರೀ ಮೇಡಮ್, ಹೌದ್ರೀ’ ಅಂದ. ಆಕೆ ಒಂದು ಬಿಳಿ ಹಾಳೆಯನ್ನು ಹುಡುಗಿಯ ಮುಂದೆ ಸರಿಸಿದಳು. ‘ಬರೀಮ್ಮಾ. ಏನಾದ್ರೂ ಎರಡು ಸಾಲು. ಕನ್ನಡದಲ್ಲೇ ಬರಿ, ನಾನೂ ಓದಿ ತುಂಬಾ ದಿನ ಆಯ್ತು.’

ಶ್ರೀರಕ್ಷಾ ಪೆನ್ನು ಎತ್ತಿಕೊಳ್ಳಲಿಲ್ಲ. ತಲೆಯೆತ್ತಿ ತಂದೆಯನ್ನು ನೋಡಿದಳು. ಆ ನೋಟಕ್ಕೆ ಅರ್ಥ ಹುಡುಕಬೇಕಾದ ಅಗತ್ಯ ದಿನಕರನಿಗೆ ಇರಲಿಲ್ಲ. ಅವಳ ಕೈ ಕನ್ನಡಕ್ಕೆ ಸೆಟೆದುಕೊಳ್ಳುವುದಿಲ್ಲ. ಇದು ಈ ಕೋಣೆಯಲ್ಲಿ ಇಬ್ಬರಿಗೆ ಗೊತ್ತಿತ್ತು, ಮೊದಲು ಗೊತ್ತಾದದ್ದು ಅವನಿಗೇ. ಅವನದೇ ಶಾಖೆಯಲ್ಲಿ ಅವಳ ಹೆಸರಿಗೊಂದು ಖಾತೆ ತೆಗೆಸಿದ್ದ. ಹಣ ತೆಗೆಯುವ ಚೀಟಿಯ ಮೇಲೆ ಅವಳ ಇಂಗ್ಲಿಷ್ ಸಹಿ ಒಂದು ಸಲವೂ ಬ್ಯಾಂಕಿನಲ್ಲಿದ್ದ ಮಾದರಿಗೆ ಹೊಂದುತ್ತಿರಲಿಲ್ಲ. ಕೌಂಟರಿನ ಭಾನುಪ್ರಕಾಶ್, ಇಡೀ ಸಾಲಿಗೆ ಕೇಳುವಂತೆ, ‘ಸಾರ್, ನಿಮ್ಮ ಚಿಕ್ಕ ಮೇಡಮ್ಮೋರ ಸಹಿ ಇವತ್ತೂ ಕೂಡ್ತಿಲ್ಲ, ವಾಪಸ್ ಮಾಡ್ಲಾ?’ ಅಂದಿದ್ದ. ವಾಪಸ್ ಮಾಡುವುದೇ ನಿಯಮ, ದಿನಕ್ಕೆ ಹತ್ತು ಜನರಿಗೆ ದಿನಕರನೇ ವಾಪಸ್ ಮಾಡುತ್ತಿದ್ದ. ಆ ಸಂಜೆ ಮನೆಯಲ್ಲಿ ಅವಳಿಂದ ಕನ್ನಡದಲ್ಲಿ ಸಹಿ ಮಾಡಿಸಿ ನೋಡಿದ. ಬೆರಳು ಬಾಗಲಿಲ್ಲ. ಇನ್ನೊಮ್ಮೆ, ಮತ್ತೊಮ್ಮೆ. ಮೂರೂ ಒಂದೇ ಅಚ್ಚು. ಕನ್ನಡ ಅಕ್ಷರವನ್ನು ಅವಳಿಗೆ ಯಾವ ಶಾಲೆಯೂ ಕಲಿಸಿರಲಿಲ್ಲ. ದಿನಕರನ ತಾಯಿ ರಾಜಮ್ಮ, ರೊಟ್ಟಿ ಬಡಿಯುವ ಹಲಗೆಯ ಮೇಲೆ ಜೋಳದ ಹಿಟ್ಟು ಹರಡಿ, ಮೊಮ್ಮಗಳ ಬೆರಳು ಹಿಡಿದು, ರಂಗೋಲಿಯ ಎಳೆ ಸುತ್ತಿಸುವ ಹಾಗೆ ಸುತ್ತಿಸಿದ್ದಳು. ಆ ಕೈ ಅದನ್ನು ಬರೆಯುವುದೆಂದು ಎಣಿಸಿರಲೇ ಇಲ್ಲ, ಆಡುವುದೆಂದು ಎಣಿಸಿತ್ತು. ಹಾಗಂತ ಕನ್ನಡದಲ್ಲಿ ಗಣಿತ ಬಿಡಿಸಲಿಕ್ಕಾಗುವುದಿಲ್ಲ, ಅವಸರದಲ್ಲಿ ಪುಟ ತುಂಬಿಸಲಿಕ್ಕಾಗುವುದಿಲ್ಲ. ಎರಡು ಸಾಲು, ನಿಧಾನಕ್ಕೆ, ಅಷ್ಟೇ. ಮಂಡಳಿ ಕೇಳಿದ್ದೂ ಅಷ್ಟೇ. ‘ಮೇಡಮ್, ಇಂಗ್ಲಿಷಿನಾಗ ಬರೆಸ್ರಿ’ ಎನ್ನಲು ಮೂರು ಶಬ್ದ ಸಾಕಾಗಿತ್ತು. ದಿನಕರ ಕನ್ನಡಕ ತೆಗೆದು, ಅಂಗಿಯ ತುದಿಯಿಂದ ಗಾಜು ಒರೆಸತೊಡಗಿದ. ಗಾಜಿನ ಮೇಲೆ ಏನೂ ಇರಲಿಲ್ಲ.

ಅವಳು ಬರೆದಳು. ನನ್ನ ಹೆಸರು ಶ್ರೀರಕ್ಷಾ. ನಮ್ಮ ಮನೆ ಮಧುರವಾಡದಲ್ಲಿ ಇದೆ. ಮಾಧವೀಲತಾ ಹಾಳೆಯನ್ನು ದೂರ ಹಿಡಿದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಓದುತ್ತಾ ಅವಳ ಕಣ್ಣಿನಲ್ಲಿ ನೀರಾಡಿತು. ‘ಮುತ್ತು ಪೋಣಿಸಿದ ಹಾಗಿದೆಯಲ್ರೀ! ನಮ್ಮಮ್ಮನ ಅಕ್ಷರ ಹೀಗೇ ಇತ್ತು.’ ಫೋನಿನಲ್ಲಿದ್ದಾತ ಹಾಳೆಯ ಕಡೆ ಕಣ್ಣು ಹಾಯಿಸಿ, ನೀಟಾಗಿದೆ, ಮುಂದಿನವರನ್ನು ಕರೆಯಿರಿ ಎಂದು ತೆಲುಗಿನಲ್ಲಿ ಅಂದ. ಆಕೆ ಒಂದು ಕ್ಷಣ ತಡೆದು, ತಜ್ಞನ ವರದಿಯನ್ನು ಮತ್ತೆ ಮುಟ್ಟಿ, ಬೇರೆ ಭಾಷೆಯಲ್ಲೂ ಒಂದು ಬರೆಸೋಣವಾ ಎಂದು ಅವನನ್ನು ಕೇಳಿದಳು. ಸಹಿ ಹಾಕುತ್ತಿದ್ದಾತ ತಲೆಯೆತ್ತದೆ ಹೇಳಿದ, ಹೊರಗೆ ಇಷ್ಟು ಜನ ಇದ್ದಾರೆ ಮೇಡಮ್, ಒಂದು ಮಾದರಿ ಸಾಕು. ‘ಏನೂ ಆಗಿಲ್ಲ ಕಣ್ರೀ ಈ ಕೈಗೆ’ ಎಂದು ಮಾಧವೀಲತಾ ನಕ್ಕಳು. ‘ಒಳ್ಳೇದೇ ಅಲ್ವಾ? ಖುಷಿಯಾಗಿ ಮನೆಗೆ ಹೋಗಿ.’ ಐದು ವರ್ಷ ಎಷ್ಟು ಊರಿನ ಎಷ್ಟು ಬಾಗಿಲುಗಳಲ್ಲಿ ಕಾದರೂ ಸಿಗದ ಮಾತು ಅದು. ಬಿಳಿ ಕೋಟಿನವರ ಬಾಯಿಂದ, ತನ್ನದೇ ಭಾಷೆಯಲ್ಲಿ. ದಿನಕರನ ಎರಡು ಕೈಗಳು ಎದೆಯ ಹತ್ತಿರ ಜೋಡಿಸಿಕೊಂಡವು. ‘ಥ್ಯಾಂಕ್ಸ್ ಮೇಡಮ್, ಭಾಳ ಥ್ಯಾಂಕ್ಸ್’ ಎಂದ. ಶ್ರೀರಕ್ಷಾ ಆ ಜೋಡಿಸಿದ ಕೈಗಳನ್ನು ನೋಡಿದ್ದು ಅವನಿಗೆ ಆಮೇಲೆ, ಬಾಗಿಲು ದಾಟಿದ ಮೇಲೆ, ನೆನಪಿಗೆ ಬಂತು.

ಕಾರಿಡಾರಿನಲ್ಲೇ ಶುಭಾಳ ಫೋನು. ‘ಏನಾತ್ರೀ?’

‘ಏನೂ ಇಲ್ಲ ಅಂದ್ರು. ಕೈ ಚಲೋ ಐತಿ ಅಂದ್ರು.’

ಶುಭಾ ತನ್ನ ಶಾಲೆಯ ಸ್ಟಾಫ್ ರೂಮಿನಲ್ಲಿರಬೇಕು, ಹಿಂದೆ ಮಕ್ಕಳ ಗದ್ದಲ ಕೇಳುತ್ತಿತ್ತು. ‘ಅಯ್ಯ ನನ ಶಿವನ! ಕಾರ್ಡ್ ಕೊಡಲಿಲ್ಲ ಅಂದಂಗಾತು. ಮತ್ತ ನೀವು ಪೇಢೆ ಹಂಚಾವ್ರ ಗತೆ ಹೇಳಾಕತ್ತೀರಲ್ರೀ?’

ಆಸ್ಪತ್ರೆಯ ಎದುರಿನ ಚಹಾದಂಗಡಿಯಲ್ಲಿ ಅವನು ರೂಢಿಯಂತೆ ಎರಡು ಲೋಟ ತಂದು, ಮಗಳದನ್ನೂ ತಾನೇ ಹಿಡಿದುಕೊಂಡು ನಿಂತ. ಕಾಯಿಲೆ ಶುರುವಾದಾಗಿನಿಂದ ಹಾಗೇ. ಬಿಸಿ ಲೋಟ ಹಿಡಿಯಲು ಅವಳಿಗೆ ಯಾವತ್ತೂ ತೊಂದರೆ ಇರಲಿಲ್ಲ. ಅವಳು ಲೋಟವನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಹೇಳಬೇಕೆಂದು ಮೆಟ್ಟಿಲಿಳಿಯುವಾಗಲೇ ಹೊಂದಿಸಿಟ್ಟುಕೊಂಡ ಮಾತನ್ನು ದಿನಕರ ಹೇಳಿದ. ‘ಬಿಡು ರಕ್ಷಾ. ಒಂದು ಬಾಗಲಾ ಮುಚ್ಚಿದ್ರ ಏನಾತು. ಆಫೀಸರ್ ಟ್ರೈನಿಂಗ್ ಬಾಗಲಾ ತೆರದ ಐತಲ್ಲ. ನಿನ್ನ ಮನಸಿನಾಗಿರೋದು ನನಗ ಗೊತ್ತಿಲ್ಲೇನು?’

‘ಗೊತ್ತಿಲ್ಲ’ ಅಂದಳು. ಚಹಾ ಊದಿದಳು. ‘ಅಲ್ಲಿ ಸೆಲೆಕ್ಷನ್ನಿನಾಗ ಒಂದು ಚಿತ್ರ ತೋರಸ್ತಾರ ಪಪ್ಪಾ. ನಾಕ ನಿಮಿಷದಾಗ ಅದರ ಮ್ಯಾಲೆ ಕತಿ ಬರೀಬೇಕು. ಒಂದಾದ ಮ್ಯಾಲೆ ಒಂದು, ಬಿಡೂ ಇಲ್ಲ. ಬಾಬ್ಜಿ ಅಂಕಲ್ ಮನ್ಯಾಗ ಗಡಿಯಾರ ಇಟ್ಟು ನೋಡಿದೆ. ಮೂರು ಸಾಲು ಆಗೋದ್ರಾಗ ಕೈ ಹೋತು. ಅಲ್ಲಿ ಟೈಮೂ ಕೊಡಲ್ಲ, ಸ್ಕ್ರೈಬೂ ಕೊಡಲ್ಲ. ನಾ ಅದನ್ನ ಬಿಟ್ಟು ಭಾಳ ದಿನ ಆತು. ಹೂಂ ಅಂದೆನಲ್ಲ, ಸುಮ್ನ ಅಂದೆ ಅಂತ ಮಾಡೀರೇನು?’

‘ಹೇಳಬೇಕಿತ್ತಲ್ಲವ್ವಾ.’

‘ನೀವು ಬ್ಯಾಂಕಿನಾಗ ಎಲ್ಲಾರಿಗೂ ಹೇಳಿ ಬಂದಿದ್ರಿ.’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ತಡೆಯಲಾಗಲಿಲ್ಲ. ‘ಆ ಕಡಿ ಕೈ ಪೂರ್ತಿ ಇರಬೇಕಂತಾರ. ಈ ಕಡಿ ಕೈ ಪೂರ್ತಿ ಹೋಗಿರಬೇಕಂತಾರ. ನಂದು ನಡುವ ಐತಿ. ನಡುವ ಇದ್ದವರಿಗೆ ಪರೀಕ್ಷೆ ಇಡಾವ್ರು ಯಾರೂ ಇಲ್ಲ. ಅದು ಅವರ ತಪ್ಪು, ಇರಲಿ. ಆದ್ರ ನೀವು ಯಾಕ ಸುಮ್ನ ಕುಂತ್ರಿ? ನಾ ನಿಮ್ಮ ಮುಖಾನ ನೋಡಿದೆ.’ ಉತ್ತರಕ್ಕೆ ಕಾಯದೆ ತಾನೇ ಹೇಳಿದಳು: ‘ಆ ಡಾಕ್ಟರ್ ಆಂಟಿ ಏನೂ ಆಗಿಲ್ಲ ಅಂದಾಗ ನೀವು ಕೈ ಮುಗದ್ರಿ. ದೇವರಿಗೆ ಸೈತ ಹಂಗ ಮುಗಿಯಂಗಿಲ್ಲ ನೀವು.’

ದಿನಕರ ಲೋಟದ ತಳದಲ್ಲಿ ಕೂತ ಚಹಾಪುಡಿಯನ್ನು ನೋಡುತ್ತಿದ್ದ. ರಸ್ತೆಯಲ್ಲಿ ಆಟೋಗಳು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದವು. ಅವಳಿಗಾಗಿ ಬಾಗಿಲು ತೆರೆದಿಟ್ಟೆ ಎಂದು ಅಂದುಕೊಂಡಿದ್ದ, ಹೊರಗೆ ಬಂದಾಗಿನಿಂದ ಅದನ್ನೇ ಒಳಗೊಳಗೆ ಹಸನು ಮಾಡುತ್ತಿದ್ದ. ಈಗ ಅದು ಕೈಯಲ್ಲೇ ಪುಡಿಯಾಯಿತು. ಕನ್ನಡಕ ಒರೆಸುತ್ತಿದ್ದಾಗ ಅವನ ತಲೆಯಲ್ಲಿ ಹಡಗೂ ಇರಲಿಲ್ಲ, ಬಿಳಿ ಬಟ್ಟೆಯೂ ಇರಲಿಲ್ಲ. ಇದ್ದದ್ದು ಒಂದೇ ಆಸೆ, ಯಾರಾದರೂ ಒಬ್ಬರು ಅವಳು ಬರೆಯುವುದನ್ನು ನೋಡಿ ಚೆಂದ ಅನ್ನಲಿ. ಒಂದು ಸಲ ಅನ್ನಲಿ. ಅದಕ್ಕಾಗಿ ಅವಳ ಪರೀಕ್ಷೆಯ ವರ್ಷವನ್ನೇ ಕೊಟ್ಟುಬಿಟ್ಟಿದ್ದ.

‘ಅಪೀಲ್ ಹಾಕಬಹುದಂತ’ ಎಂದು ಕೊನೆಗೆ ಹೇಳಿದ. ‘ಕೆಳಗಿನ ಕಿಟಕಿಯೊಳಗ ಇವತ್ತ ತಗೋತಾರ. ನಾನ ಬರೀತೇನಿ.’

‘ನೀವು ಬರೀರಿ. ಹೇಳಾಕಿ ನಾನು.’

ಮತ್ತೆ ಮಹಡಿಯ ಅದೇ ಬೆಂಚು. ಕೋಟೇಶ್ವರಮ್ಮ ಇನ್ನೂ ಕಾಯುತ್ತಿದ್ದಳು. ಸರಿದು ಜಾಗ ಕೊಟ್ಟಳು. ದಿನಕರ ಫೈಲನ್ನು ತೊಡೆಯ ಮೇಲಿಟ್ಟು, ಹಾಳೆ ಇಟ್ಟು, ಪೆನ್ನು ತೆರೆದ. ಅವನ ಇಂಗ್ಲಿಷ್ ಬರವಣಿಗೆಯನ್ನು ಹೆಡ್ ಆಫೀಸಿನವರೂ ಹೊಗಳುತ್ತಿದ್ದರು. ಅವಳು ಕಣ್ಣು ಮುಚ್ಚಿ ಇಂಗ್ಲಿಷಿನಲ್ಲಿ ಹೇಳತೊಡಗಿದಳು, ಸಣ್ಣ ಸಣ್ಣ ವಾಕ್ಯ. ನನ್ನ ಕೈ ಇಂಗ್ಲಿಷ್ ಮತ್ತು ತೆಲುಗು ಬರೆಯುವಾಗ ಸೆಟೆದುಕೊಳ್ಳುತ್ತದೆ. ಕನ್ನಡದಲ್ಲಿ ಎರಡು ಸಾಲು ಬರೆಯುವಾಗ ಸೆಟೆದುಕೊಳ್ಳುವುದಿಲ್ಲ. ನನಗೆ ಕನ್ನಡದಲ್ಲಿ ಬರೆಯಲು ಹೇಳಲಾಯಿತು. ದಿನಕರನ ಪೆನ್ನು ನುಣ್ಣಗೆ ಓಡಿತು. ‘ಇದು ನನ್ನ ತಂದೆಗೆ ಗೊತ್ತಿತ್ತು’ ಎಂದಳು. ಪೆನ್ನು ನಿಂತಿತು. ಅವನು ಬರೆದ: ಇದು ನನ್ನ ಮನೆಯವರಿಗೆ ಗೊತ್ತಿತ್ತು. ಅವಳು ಕಣ್ಣು ತೆರೆದು ಹಾಳೆ ನೋಡಿದಳು.

‘ಸ್ಕ್ರೈಬ್ ತಿದ್ದಂಗಿಲ್ಲ ಪಪ್ಪಾ. ಅಂದದ್ದ ಬರೀಬೇಕು. ರೂಲ್ ಐತಿ.’

ಅವನು ಒಂದು ಗೆರೆ ಎಳೆದು, ಮೇಲೆ ಬರೆದ. ಇದು ನನ್ನ ತಂದೆಗೆ ಗೊತ್ತಿತ್ತು. ಅವರು ಸುಮ್ಮನಿದ್ದರು. ಎಲ್ಲ ಭಾಷೆಯಲ್ಲೂ, ಪರೀಕ್ಷೆಯ ವೇಗದಲ್ಲಿ, ನನ್ನನ್ನು ಮತ್ತೊಮ್ಮೆ ಬರೆಸಿ ನೋಡಬೇಕೆಂದು ಕೋರುತ್ತೇನೆ. ‘ಓದ್ರಿ’ ಅಂದಳು. ಸುತ್ತ ಜನವಿದ್ದರು. ಅವನು ಓದಿದ, ಗಟ್ಟಿಯಾಗಿಯೇ. ಇಂಗ್ಲಿಷ್ ಬಾರದ ಕೋಟೇಶ್ವರಮ್ಮ ಅವನ ಮುಖವನ್ನೇ ನೋಡುತ್ತಾ, ಓದು ಮುಗಿಯುವ ತನಕ ಸೆರಗನ್ನು ಬಾಯಿಗೆ ಹಿಡಿದಿದ್ದಳು.

ಸಹಿಗೆ ಶ್ರೀರಕ್ಷಾ ಪೆನ್ನು ತೆಗೆದುಕೊಂಡಳು. ಇಂಗ್ಲಿಷಿನಲ್ಲಿ, ಪೂರ್ತಿ ಹೆಸರು. ಎರಡನೆಯ ಅಕ್ಷರಕ್ಕೆ ತೋರುಬೆರಳು ಬಾಗಿತು, ಮಣಿಕಟ್ಟು ತಿರುಚಿತು, ಪೆನ್ನು ಹಾಳೆಯನ್ನು ಗೀಚಿ ತೂತು ಮಾಡಿತು. ಅವನ ಕೈ ಕರವಸ್ತ್ರಕ್ಕೆಂದು ಜೇಬಿನವರೆಗೆ ಹೋಗಿ ವಾಪಸ್ ಬಂತು. ಅವಳು ನಿಲ್ಲಿಸಲಿಲ್ಲ. ಮುಗಿಯುವವರೆಗೆ ಅವನು ನೋಡಿದ.

ಕೆಳಗಿನ ಕಿಟಕಿಯ ಗುಮಾಸ್ತ ಹಾಳೆಯನ್ನು ತಿರುಗಿಸಿ, ಮತ್ತೆ ತಿರುಗಿಸಿ, ತೆಲುಗಿನಲ್ಲಿ ರೇಗಿದ. ‘ಏನ್ರೀ ಇದು, ಕೋಳಿ ಕೆರೆದ ಹಾಗಿದೆ? ಈಗಷ್ಟೇ ಮಂಡಳಿಯಿಂದ ಕೆಳಗೆ ಬಂದ ಹಾಳೆಯಲ್ಲಿ ಅಕ್ಷರ ಮುತ್ತಿನಂತಿತ್ತಲ್ಲ. ಇದು ಅದಕ್ಕೆ ಕೂಡುವುದೇ ಇಲ್ಲ. ತಗೊಂಡುಹೋಗಿ ಸರಿಯಾಗಿ ಸಹಿ ಮಾಡಿಸಿಕೊಂಡು ಬನ್ನಿ.’

ಹಾಳೆ ಕಿಟಕಿಯ ಕಲ್ಲಿನ ಮೇಲೆ ಜಾರಿ ಹೊರಗೆ ಬಂತು. ದಿನಕರ ಅದನ್ನು ಅಂಗೈಯಿಂದ ಒಳಕ್ಕೆ ತಳ್ಳಿದ.

‘ಇದೇ ಅವಳ ಸಹಿ’ ಅಂದ. ‘ಮೊಹರು ಹಾಕಿ.’